ಕಾದು ಕೊಯ್ದ ದ್ರಾಕ್ಷಿ, ಆರಿಸಿ ಪಡೆದ ಸಿಹಿ: ಜರ್ಮನಿಯ 'ಔಸ್‌ಲೇಸೆ' ವೈನ್

ನಮ್ಮ ಕರಾವಳಿಯ ಅನೇಕ ಗುರುಗಳು ಮತ್ತು ಧರ್ಮಭಗಿನಿಯರು ಜರ್ಮನಿಯ ಧರ್ಮಕೇಂದ್ರಗಳಲ್ಲಿ, ಆಸ್ಪತ್ರೆಗಳಲ್ಲಿ, ವೃದ್ಧಾಶ್ರಮಗಳಲ್ಲಿ ಸೇವೆ ಸಲ್ಲಿಸುತ್ತಿದ್ದಾರೆ. ಅವರು ರಜೆಯಲ್ಲಿ ಊರಿಗೆ ಬರುವಾಗ ಮನೆಯವರಿಗೆಂದೋ ತಮ್ಮ ಇಗರ್ಜಿಯ ಗುರುಗಳಿಗೆಂದೋ ಒಂದು ಬಾಟಲಿ ವೈನ್ ತರುವುದುಂಟು. ತೆಳ್ಳಗೆ ಉದ್ದವಾದ ಬಾಟಲಿ, ಒಳಗೆ ಬಂಗಾರದ ಬಣ್ಣದ ಪಾನೀಯ, ಲೇಬಲಿನ ಮೇಲೆ 'ರೀಸ್ಲಿಂಗ್ ಔಸ್‌ಲೇಸೆ' ಎಂಬ ಬರಹ. ಒಂದು ಗುಟುಕು ಕುಡಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: "ಇದಕ್ಕೆ ಎಷ್ಟು ಸಕ್ಕರೆ ಹಾಕಿದ್ದಾರೆ?" ಉತ್ತರ ಕೇಳಿದರೆ ಆಶ್ಚರ್ಯವಾಗುತ್ತದೆ. ಒಂದು ಚಮಚವೂ ಹಾಕಿಲ್ಲ; ಹಾಕುವುದಕ್ಕೆ ಅಲ್ಲಿನ ಕಾನೂನಿನ ಅನುಮತಿಯೂ ಇಲ್ಲ.

ಹಾಗಾದರೆ ಆ ಸಿಹಿ ಎಲ್ಲಿಂದ ಬಂತು? ಅದರ ಜೊತೆಗೇ ಬರುವ ಇನ್ನೊಂದು ಪ್ರಶ್ನೆ ಸಕ್ರಿಸ್ತಿಯಲ್ಲಿ ಕೆಲಸ ಮಾಡುವವರದ್ದು: ಇಂಥ ವೈನನ್ನು ಬಲಿಪೂಜೆಗೆ ಬಳಸಬಹುದೇ? ಈ ಎರಡು ಪ್ರಶ್ನೆಗಳಿಗೆ ಒಟ್ಟಿಗೇ ಉತ್ತರ ನೀಡುವುದು ಈ ಲೇಖನದ ಉದ್ದೇಶ. ಏಕೆಂದರೆ ಎರಡಕ್ಕೂ ಮೂಲದಲ್ಲಿರುವ ವಿಷಯ ಒಂದೇ: ದ್ರಾಕ್ಷಿಯಿಂದ ಬಂದದ್ದು ಯಾವುದು, ಮನುಷ್ಯ ಸೇರಿಸಿದ್ದು ಯಾವುದು ಎಂಬ ವ್ಯತ್ಯಾಸ.

ಹೆಸರಿನ ಅರ್ಥ

ಜರ್ಮನ್ ಭಾಷೆಯಲ್ಲಿ 'ಔಸ್' ಎಂದರೆ ಹೊರಗೆ, 'ಲೇಸೆನ್' ಎಂದರೆ ಆಯುವುದು, ಕೊಯ್ದು ಕೂಡಿಸುವುದು. ಓದುವುದಕ್ಕೂ ಆ ಭಾಷೆಯಲ್ಲಿ ಅದೇ ಪದ. 'ಔಸ್‌ಲೇಸೆ' ಎಂದರೆ ಆರಿಸಿ ತೆಗೆದದ್ದು. ನಮ್ಮ ಮನೆಗಳ ಜಗಲಿಯಲ್ಲಿ ಕುಳಿತು ಅಡಿಕೆಯ ರಾಶಿಯಿಂದ ಒಳ್ಳೆಯದನ್ನು ಒಂದೆಡೆಗೆ, ಪಟೋರ ಮತ್ತು ಕರಿಗೋಟನ್ನು ಇನ್ನೊಂದೆಡೆಗೆ ಬೇರ್ಪಡಿಸುವವರಿಗೆ ಈ ಕೆಲಸದ ಸ್ವರೂಪ ವಿವರಿಸಬೇಕಾಗಿಲ್ಲ. ವ್ಯತ್ಯಾಸವಿಷ್ಟೇ: ಅಲ್ಲಿ ಆರಿಸುವ ಕೆಲಸ ನಡೆಯುವುದು ಮುಖ್ಯವಾಗಿ ಬಳ್ಳಿಯ ಬುಡದಲ್ಲಿಯೇ.

ಜರ್ಮನಿಯ 1971ರ ವೈನ್ ಕಾನೂನು ಉತ್ತಮ ವೈನುಗಳನ್ನು, ಕೊಯ್ಲಿನ ವೇಳೆ ದ್ರಾಕ್ಷಿ ಎಷ್ಟು ಮಾಗಿತ್ತು ಎಂಬ ಆಧಾರದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿತು. ಮೊದಲ ಮೆಟ್ಟಿಲು 'ಕಾಬಿನೆಟ್'. ಎರಡನೆಯದು 'ಷ್ಪೇಟ್‌ಲೇಸೆ', ಅಂದರೆ ತಡವಾಗಿ ಕೊಯ್ದದ್ದು. ಮೂರನೆಯದು ನಮ್ಮ ಔಸ್‌ಲೇಸೆ: ಚೆನ್ನಾಗಿ ಮಾಗಿದ ಗೊಂಚಲುಗಳನ್ನು ಮಾತ್ರ ಆರಿಸಿ, ಅವುಗಳಲ್ಲಿರುವ ಕಾಯಿ ಮತ್ತು ರೋಗ ತಗುಲಿದ ಹಣ್ಣುಗಳನ್ನು ತೆಗೆದುಹಾಕಿ ಮಾಡಿದ್ದು. ಅದರ ಮೇಲೆ 'ಬೇರನ್‌ಔಸ್‌ಲೇಸೆ'. ಇಲ್ಲಿ ಗೊಂಚಲನ್ನಲ್ಲ, ಅತಿಯಾಗಿ ಮಾಗಿದ ಒಂದೊಂದೇ ಹಣ್ಣನ್ನು ಆರಿಸುತ್ತಾರೆ. ಎಲ್ಲಕ್ಕಿಂತ ಮೇಲಿನದು 'ಟ್ರಾಕನ್‌ಬೇರನ್‌ಔಸ್‌ಲೇಸೆ'. 'ಟ್ರಾಕನ್' ಎಂದರೆ ಒಣಗಿದ್ದು. ಬಳ್ಳಿಯಲ್ಲಿಯೇ ಒಣದ್ರಾಕ್ಷಿಯಂತೆ ಸುಕ್ಕಾದ ಹಣ್ಣುಗಳನ್ನು ಒಂದೊಂದಾಗಿ ಬಿಡಿಸಿ ಹಿಂಡುತ್ತಾರೆ. ಇದರಲ್ಲಿ ಸಿಗುವ ರಸ ಎಷ್ಟು ಕಡಿಮೆಯೆಂದರೆ ಒಬ್ಬ ನುರಿತ ಆಳು ದಿನವಿಡೀ ದುಡಿದರೂ ಒಂದೆರಡು ಬಾಟಲಿಗೆ ಸಾಕಾಗುವಷ್ಟು ಹಣ್ಣು ಸಿಕ್ಕಿದರೆ ಹೆಚ್ಚು. ಇವುಗಳ ಬೆಲೆ ದುಬಾರಿಯಾಗಲು ಇದೇ ಕಾರಣ. ಬಳ್ಳಿಯಲ್ಲಿಯೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ 'ಐಸ್‌ವೈನ್' ಎಂಬ ಬಗೆಯೂ ಇದೇ ಪಟ್ಟಿಯಲ್ಲಿದೆ.

ಅಪ್ಪಣೆಗಾಗಿ ಕಾದ ದ್ರಾಕ್ಷಿತೋಟ

ಈ ವೈನುಗಳ ಚರಿತ್ರೆಯಲ್ಲಿ ಧರ್ಮಸಭೆಗೆ ದೊಡ್ಡ ಪಾತ್ರವಿದೆ. ರೈನ್ ನದಿಯ ದಂಡೆಯ ರೈನ್‌ಗೌ ಪ್ರದೇಶದಲ್ಲಿ ಯೊಹಾನಿಸ್‌ಬೆರ್ಗ್ ಎಂಬ ಗುಡ್ಡವಿದೆ. ಸ್ನಾನಿಕ ಸಂತ ಯೊವಾನ್ನರ ಹೆಸರಿನ ಈ ಗುಡ್ಡದ ಮೇಲೆ ಸುಮಾರು 1100ರಲ್ಲಿ ಬೆನೆಡಿಕ್ಟಿನ್ ಸನ್ಯಾಸಿಗಳು ಮಠ ಕಟ್ಟಿ ದ್ರಾಕ್ಷಿ ಬೆಳೆದರು. ಮುಂದೆ ಮಠ ಮುಚ್ಚಿಹೋಯಿತು. 1716ರಲ್ಲಿ ಫುಲ್ಡಾದ ಮಠಾಧಿಪತಿಗಳು ಆ ಆಸ್ತಿಯನ್ನು ಕೊಂಡುಕೊಂಡು, 1720ರಿಂದ ಅಲ್ಲಿ ರೀಸ್ಲಿಂಗ್ ತಳಿಯ ಬಳ್ಳಿಗಳನ್ನು ದೊಡ್ಡ ಪ್ರಮಾಣದಲ್ಲಿ ನೆಡಿಸಿದರು.

ಫುಲ್ಡಾ ಅಲ್ಲಿಂದ ಸುಮಾರು 150 ಕಿ.ಮೀ. ದೂರ. ಕೊಯ್ಲು ಆರಂಭಿಸಲು ಪ್ರತಿ ವರ್ಷವೂ ಫುಲ್ಡಾದ ಒಡೆಯರಿಂದ ಅಪ್ಪಣೆ ತರಬೇಕಿತ್ತು. ಹಣ್ಣಿನ ಮಾದರಿಯೊಂದಿಗೆ ಕುದುರೆ ಸವಾರನೊಬ್ಬ ಹೋಗಿ ಅಪ್ಪಣೆ ಪಡೆದು ಮರಳುತ್ತಿದ್ದ. 1775ರಲ್ಲಿ ಸವಾರ ಬಹಳ ತಡವಾಗಿ ಬಂದ. ಏಕೆ ತಡವಾಯಿತು ಎಂಬುದಕ್ಕೆ ಜನ ಹೇಳುವ ಕಥೆಗಳು ಹಲವು. ಅವನು ಮರಳುವಷ್ಟರಲ್ಲಿ ತೋಟದ ಹಣ್ಣಿಗೆ ಬೂಷ್ಟು ಹಿಡಿದು ಸುಕ್ಕುಗಟ್ಟಿತ್ತು. ಆದರೂ ಸನ್ಯಾಸಿಗಳು ಅದನ್ನೇ ಕೊಯ್ದು ಹಿಂಡಿದರು. ಮರುವರ್ಷ ವಸಂತದಲ್ಲಿ ಪೀಪಾಯಿ ತೆರೆದು ರುಚಿ ನೋಡಿದವರಿಗೆ ಅಂಥ ವೈನ್ ಹಿಂದೆ ಕುಡಿದ ನೆನಪೇ ಇರಲಿಲ್ಲ. ಅಂದಿನಿಂದ ಆ ತೋಟದಲ್ಲಿ ತಡವಾಗಿ ಕೊಯ್ಯುವುದೇ ಪದ್ಧತಿಯಾಯಿತು. ತಡವಾದ ಕೊಯ್ಲಿನಿಂದ ಮುಂದೆ ಆಯ್ಕೆಯ ಕೊಯ್ಲು ಬೆಳೆಯಿತು. ತಡಮಾಡಿದ ಆ ಸವಾರನ ಪ್ರತಿಮೆ ಈಗ ಯೊಹಾನಿಸ್‌ಬೆರ್ಗ್ ಅರಮನೆಯ ಅಂಗಳದಲ್ಲಿದೆ.

ಜಗತ್ತಿನಲ್ಲಿ ಇದೇ ಮೊದಲು ಎಂದು ಭಾವಿಸಬೇಕಾಗಿಲ್ಲ. ಹಂಗೇರಿಯ ಟೊಕಾಯ್ ಪ್ರದೇಶದಲ್ಲಿ ಇದಕ್ಕೂ ಒಂದು ಶತಮಾನ ಹಿಂದೆಯೇ ಬೂಷ್ಟು ಹಿಡಿದ ದ್ರಾಕ್ಷಿಯಿಂದ ಸಿಹಿ ವೈನ್ ಮಾಡುತ್ತಿದ್ದರು. ಆದರೆ ಜರ್ಮನಿಯಲ್ಲಿ ಈ ಪದ್ಧತಿ ನೆಲೆಯೂರಿದ್ದಕ್ಕೆ ಯೊಹಾನಿಸ್‌ಬೆರ್ಗಿನ ಹೆಸರನ್ನೇ ಹೇಳುತ್ತಾರೆ.

ಬೂಷ್ಟಿನಲ್ಲಿ ಅಡಗಿದ ಒಳಿತು

ಹಣ್ಣಿಗೆ ಬೂಷ್ಟು ಹಿಡಿದರೆ ಬಿಸಾಡುವುದು ನಮ್ಮ ರೂಢಿ. ಮಳೆಗಾಲದ ಕೊಳೆರೋಗದಿಂದ ಅಡಿಕೆ ಉದುರಿ ನಷ್ಟವಾಗುವುದನ್ನು ಕಂಡ ಕೃಷಿಕರಿಗಂತೂ ಶಿಲೀಂಧ್ರ ಎಂದರೆ ಶತ್ರುವೇ. ದ್ರಾಕ್ಷಿಯ ವಿಷಯದಲ್ಲಿಯೂ ಸಾಮಾನ್ಯವಾಗಿ ಹಾಗೆಯೇ. 'ಬೋಟ್ರೈಟಿಸ್ ಸಿನೆರಿಯಾ' ಎಂಬ ಶಿಲೀಂಧ್ರ ಎಳೆಯ ಹಣ್ಣಿಗೆ ತಗುಲಿದರೆ, ಅಥವಾ ಮಳೆ ಬಿಡದೆ ಸುರಿದರೆ, ಗೊಂಚಲಿಗೆ ಗೊಂಚಲೇ ಕೊಳೆತು ಹುಳಿ ನಾರುತ್ತದೆ.

ಆದರೆ ಪೂರ್ತಿ ಮಾಗಿದ ಹಣ್ಣು, ಬೆಳಿಗ್ಗೆ ನದಿಯಿಂದ ಏಳುವ ಮಂಜು, ಮಧ್ಯಾಹ್ನ ಒಣ ಬಿಸಿಲು, ಈ ಮೂರೂ ಕೂಡಿಬಂದರೆ ಅದೇ ಶಿಲೀಂಧ್ರದಿಂದ ಬೇರೆಯೇ ಫಲ ಸಿಗುತ್ತದೆ. ಅದು ಹಣ್ಣಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಮಾಡುತ್ತದೆ. ಆ ರಂಧ್ರಗಳ ಮೂಲಕ ನೀರು ಆವಿಯಾಗಿ ಹೋಗುತ್ತದೆ. ಸಕ್ಕರೆ, ಹುಳಿ ಮತ್ತು ಪರಿಮಳ ಒಳಗೆ ಮಂದವಾಗಿ ಉಳಿಯುತ್ತವೆ. ಜೇನು, ಒಣ ಏಪ್ರಿಕಾಟ್ ಹಣ್ಣನ್ನು ನೆನಪಿಸುವ ವಾಸನೆ ಬರುವುದು ಹೀಗೆ. ಜರ್ಮನರು ಇದನ್ನು 'ಶ್ರೇಷ್ಠ ಕೊಳೆ' ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಎಲ್ಲ ಔಸ್‌ಲೇಸೆಯಲ್ಲಿಯೂ ಈ ಬೂಷ್ಟು ಇರಲೇಬೇಕೆಂದಿಲ್ಲ; ಬರಿಯ ಮಾಗಿದ ಹಣ್ಣಿನಿಂದಲೂ ಔಸ್‌ಲೇಸೆ ಆಗುತ್ತದೆ. ಮೇಲಿನ ಎರಡು ಮೆಟ್ಟಿಲುಗಳಲ್ಲಿ ಅದರ ಪಾತ್ರ ಹೆಚ್ಚು.

ಇದರಲ್ಲಿ ಬೆಳೆಗಾರನಿಗೆ ಇರುವ ಅಪಾಯವನ್ನು ಗಮನಿಸಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಎಲ್ಲರೂ ಕೊಯ್ದು ಮುಗಿಸುವಾಗ ಅವನು ಗೊಂಚಲುಗಳನ್ನು ಬಳ್ಳಿಯಲ್ಲಿಯೇ ಬಿಡುತ್ತಾನೆ. ಒಂದು ವಾರ ಮಳೆ ಬಂದರೆ, ಆಲಿಕಲ್ಲು ಬಿದ್ದರೆ, ಹಕ್ಕಿಗಳ ಹಿಂಡು ಇಳಿದರೆ ವರ್ಷದ ದುಡಿಮೆ ಹೋಯಿತು. ಹವಾಮಾನ ಕೂಡಿಬಂದರೂ ಎಲ್ಲ ಹಣ್ಣು ಒಂದೇ ದಿನ ಮಾಗುವುದಿಲ್ಲ. ಆದ್ದರಿಂದ ಆಳುಗಳು ಅದೇ ತೋಟಕ್ಕೆ ಮತ್ತೆ ಮತ್ತೆ ಹೋಗಿ, ಪ್ರತಿ ಸಲವೂ ಹದವಾದಷ್ಟನ್ನೇ ಕೊಯ್ದು ತರುತ್ತಾರೆ. ದಿನದ ಬೇರೆ ಬೇರೆ ಗಳಿಗೆಯಲ್ಲಿ ಕೂಲಿಯಾಳುಗಳನ್ನು ಕರೆಯಲು ಹೊರಟ ತೋಟದ ಯಜಮಾನನ ಸಾಮತಿಯನ್ನು ಶುಭಸಂದೇಶದಲ್ಲಿ ಕೇಳಿದವರಿಗೆ, ಕೊಯ್ಲಿನ ಕಾಲದ ಆ ಧಾವಂತ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ತೂಕ ನೋಡಿ ಹೆಸರು

ಹಣ್ಣು ಎಷ್ಟು ಮಾಗಿತ್ತು ಎಂಬುದನ್ನು ಕಣ್ಣಂದಾಜಿನಲ್ಲಿ ಹೇಳಿದರೆ ಸಾಲದು. ಫೋರ್ಟ್ಸ್‌ಹೈಮ್ ಪಟ್ಟಣದ ಅಕ್ಕಸಾಲಿಗ ಫೆರ್ಡಿನಾಂಡ್ ಓಕ್ಸ್ಲೆ (1774–1852) ಎಂಬವರು ರೂಢಿಗೆ ತಂದ ಅಳತೆ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಲೆಕ್ಕ ಸರಳ. ಒಂದು ಲೀಟರ್ ನೀರಿನ ತೂಕ 1000 ಗ್ರಾಂ. ಅಷ್ಟೇ ದ್ರಾಕ್ಷಿ ರಸ 1083 ಗ್ರಾಂ ತೂಗಿದರೆ ಅದು 83 ಡಿಗ್ರಿ ಓಕ್ಸ್ಲೆ. ಹೆಚ್ಚಿನ ತೂಕಕ್ಕೆ ಮುಖ್ಯ ಕಾರಣ ರಸದಲ್ಲಿರುವ ಸಕ್ಕರೆ. ಮೊಸೆಲ್ ಕಣಿವೆಯ ರೀಸ್ಲಿಂಗ್ ಔಸ್‌ಲೇಸೆಗೆ ಕನಿಷ್ಠ 83 ಡಿಗ್ರಿ ಬೇಕು. ಬಿಸಿಲು ಹೆಚ್ಚಿರುವ ಪ್ರದೇಶಗಳಲ್ಲಿ ಇದಕ್ಕಿಂತ ಹೆಚ್ಚು ಬೇಕು. ಟ್ರಾಕನ್‌ಬೇರನ್‌ಔಸ್‌ಲೇಸೆಗೆ 150 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು.

ಈ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವಾಗಿ ಬದಲಿಸುತ್ತದೆ. ರಸ ಬಹಳ ಸಿಹಿಯಾಗಿದ್ದರೆ, ನೆಲಮಾಳಿಗೆ ತಣ್ಣಗಿದ್ದರೆ, ಯೀಸ್ಟ್ ಸುಸ್ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಇಲ್ಲವೇ ತಯಾರಕನು ರಸವನ್ನು ತಂಪುಮಾಡಿ, ಸೋಸಿ ನಿಲ್ಲಿಸುತ್ತಾನೆ. ಉಳಿದ ಸಕ್ಕರೆಯೇ ನಾವು ನಾಲಗೆಯಲ್ಲಿ ಕಾಣುವ ಸಿಹಿ. ಆದ್ದರಿಂದ ಮೊಸೆಲಿನ ಸಿಹಿ ಔಸ್‌ಲೇಸೆಯಲ್ಲಿ ಮದ್ಯಸಾರ ಹೆಚ್ಚಾಗಿ ಶೇಕಡಾ 7ರಿಂದ 9ರ ಆಸುಪಾಸು ಮಾತ್ರ. ಕಾನೂನಿನ ಕನಿಷ್ಠ ಮಿತಿ ಶೇಕಡಾ 7. ಬರಿಯ ಸಿಹಿಯಾಗಿದ್ದರೆ ಎರಡನೆಯ ಗುಟುಕಿಗೇ ಬೇಸರ ಬರುತ್ತಿತ್ತು. ರೀಸ್ಲಿಂಗ್ ದ್ರಾಕ್ಷಿಯ ತೀಕ್ಷ್ಣವಾದ ಹುಳಿ ಆ ಸಿಹಿಯನ್ನು ಹಿಡಿದು ನಿಲ್ಲಿಸುತ್ತದೆ. ಒಳ್ಳೆಯ ಔಸ್‌ಲೇಸೆ ಹತ್ತಿಪ್ಪತ್ತು ವರ್ಷ ಕೆಡದೆ ಬಾಳುವುದಕ್ಕೆ ಈ ಹುಳಿ ಮತ್ತು ಸಿಹಿಯ ಜೊತೆಗಾರಿಕೆಯೇ ಕಾರಣ. ಸಕ್ಕರೆಯನ್ನು ಪೂರ್ತಿ ಹುಳಿಯಲು ಬಿಟ್ಟು ಮಾಡಿದ ಸಿಹಿಯಿಲ್ಲದ ಔಸ್‌ಲೇಸೆಯೂ ಉಂಟು. ಅಂಥ ಬಾಟಲಿಯ ಮೇಲೆ 'ಟ್ರಾಕನ್' ಎಂದು ಪ್ರತ್ಯೇಕವಾಗಿ ಬರೆದಿರುತ್ತದೆ.

ಧರ್ಮಸಭೆಯ ಗುರುತು ಹೊತ್ತ ತೋಟಗಳು

ಮೊಸೆಲ್ ನದಿಯ ಎರಡೂ ಕಡೆ, ನಿಂತರೆ ಕಾಲು ಜಾರುವಷ್ಟು ಕಡಿದಾದ ಕಲ್ಲುಹಾಸಿನ ಇಳಿಜಾರುಗಳಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಕಪ್ಪು ಸ್ಲೇಟ್ ಕಲ್ಲು ಹಗಲಿನ ಬಿಸಿಲನ್ನು ಹೀರಿ ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ. ಈ ತೋಟಗಳ ಹೆಸರುಗಳನ್ನು ಕೇಳಿ: ಗ್ರಾಖ್ ಊರಿನ 'ಹಿಮ್ಮೆಲ್‌ರೈಷ್' ಎಂದರೆ ಸ್ವರ್ಗಸಾಮ್ರಾಜ್ಯ, ಅದೇ ಊರಿನ 'ಡೋಮ್‌ಪ್ರೋಬ್ಸ್ಟ್' ಎಂದರೆ ಪ್ರಧಾನಾಲಯದ ಮುಖ್ಯಗುರು, ಎರ್ಡೆನ್ ಊರಿನ 'ಪ್ರೆಲಾಟ್' ಎಂದರೆ ಧರ್ಮಸಭೆಯ ಹಿರಿಯ ಅಧಿಕಾರಿ. ಒಂದು ಕಾಲದಲ್ಲಿ ಈ ಗುಡ್ಡಗಳ ಬಹುಭಾಗ ಮಠಗಳ ಮತ್ತು ಧರ್ಮಾಧ್ಯಕ್ಷರ ಒಡೆತನದಲ್ಲಿತ್ತು ಎಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

1787ರಲ್ಲಿ ಟ್ರಿಯರ್‌ನ ಮಹಾಧರ್ಮಾಧ್ಯಕ್ಷರೂ ಆಳರಸರೂ ಆಗಿದ್ದ ಕ್ಲೆಮೆನ್ಸ್ ವೆಂಟ್ಸೆಸ್ಲಾಸ್ ಅವರು ಕಳಪೆ ತಳಿಯ ಬಳ್ಳಿಗಳನ್ನು ಏಳು ವರ್ಷಗಳೊಳಗೆ ಕಿತ್ತು ಒಳ್ಳೆಯ ತಳಿ ನೆಡಬೇಕೆಂದು ಆಜ್ಞೆ ಹೊರಡಿಸಿದರು. ಮೊಸೆಲ್ ಕಣಿವೆಯಲ್ಲಿ ರೀಸ್ಲಿಂಗ್ ಹಬ್ಬಲು ಇದೂ ಒಂದು ಕಾರಣ. ನೆಪೋಲಿಯನ್ ಕಾಲದಲ್ಲಿ ಮಠಗಳ ಆಸ್ತಿಯನ್ನು ಸರಕಾರಗಳು ವಶಪಡಿಸಿಕೊಂಡು ಮಾರಿದವು. ಸಂತ ಬೆರ್ನಾರ್ಡರು 1136ರಲ್ಲಿ ಸ್ಥಾಪಿಸಿದ ಎಬರ್‌ಬಾಖ್ ಮಠವೂ 1803ರಲ್ಲಿ ಮುಚ್ಚಿತು. ಅದರ ದ್ರಾಕ್ಷಿತೋಟಗಳು ಈಗ ಹೆಸ್ಸೆನ್ ರಾಜ್ಯ ಸರಕಾರದ ಒಡೆತನದಲ್ಲಿವೆ. ಹಾಗಿದ್ದರೂ ಸಂಬಂಧ ಪೂರ್ತಿ ಕಡಿದುಹೋಗಲಿಲ್ಲ. ಟ್ರಿಯರ್‌ನಲ್ಲಿ ಪ್ರಧಾನಾಲಯ, ಗುರುಮಠ ಮತ್ತು ವಿದ್ಯಾರ್ಥಿನಿಲಯಕ್ಕೆ ಸೇರಿದ ತೋಟಗಳನ್ನು 1966ರಲ್ಲಿ ಒಂದೇ ಆಡಳಿತಕ್ಕೆ ತಂದರು. ಅಂದರೆ ಅಲ್ಲಿ ಗುರುವಿದ್ಯಾರ್ಥಿಗಳ ಊಟ ಪಾಠದ ಖರ್ಚಿಗೆ ದ್ರಾಕ್ಷಿಬಳ್ಳಿಯೂ ಆಸರೆಯಾಗಿತ್ತು. ರ‍್ಯೂಡೆಸ್‌ಹೈಮ್ ಬಳಿಯ ಸಂತ ಹಿಲ್ಡೆಗಾರ್ಡ್ ಮಠದ ಬೆನೆಡಿಕ್ಟಿನ್ ಧರ್ಮಭಗಿನಿಯರು ತಮ್ಮದೇ ತೋಟದ ದ್ರಾಕ್ಷಿಯಿಂದ ವೈನ್ ತಯಾರಿಸುತ್ತ ಬಂದಿದ್ದಾರೆ. ಆ ಸಂತೆಯನ್ನು 2012ರಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದ್ದು ನಮ್ಮ ಓದುಗರಿಗೆ ನೆನಪಿರಬಹುದು.

ಹೆಸರು ಕೆಟ್ಟ ವರ್ಷಗಳು

ಒಳ್ಳೆಯ ಹೆಸರಿಗೆ ಬೆಲೆ ಬಂದಾಗ ಅದನ್ನು ಅಡ್ಡದಾರಿಯಲ್ಲಿ ಗಳಿಸುವವರೂ ಹುಟ್ಟಿಕೊಳ್ಳುತ್ತಾರೆ. 1971ರ ಕಾನೂನು ಮುಖ್ಯವಾಗಿ ಸಕ್ಕರೆಯ ಅಂಶವನ್ನೇ ಅಳೆದದ್ದರಿಂದ, ಬೇಗ ಸಿಹಿಯಾಗುವ ಹೊಸ ಮಿಶ್ರತಳಿಗಳನ್ನು ಬೆಳೆದು, ಕಾಯುವ ಕಷ್ಟವಿಲ್ಲದೆ ಔಸ್‌ಲೇಸೆ ಎಂಬ ಹೆಸರು ಪಡೆಯುವುದು ಸಾಧ್ಯವಾಯಿತು. ಅದು ಕಾನೂನಿನ ಮಿತಿಯೊಳಗೇ ಇತ್ತು. ಆದರೆ ಅಗ್ಗದ ಸಿಹಿ ವೈನುಗಳು ಅಂಗಡಿ ತುಂಬಿದಾಗ ಆ ಹೆಸರಿನ ಮೇಲಿನ ಗೌರವ ಕುಗ್ಗಿತು.

ದೊಡ್ಡ ಪೆಟ್ಟು ಬಿದ್ದದ್ದು 1985ರಲ್ಲಿ. ನೆರೆಯ ಆಸ್ಟ್ರಿಯಾದಲ್ಲಿಯೂ ಔಸ್‌ಲೇಸೆ ಮೊದಲಾದ ಇದೇ ಹೆಸರುಗಳು ಬಳಕೆಯಲ್ಲಿವೆ. ಅಲ್ಲಿನ ಕೆಲವು ವ್ಯಾಪಾರಿಗಳು ತೆಳುವಾದ ವೈನಿಗೆ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕವನ್ನು ಬೆರೆಸಿ, ಮಾಗಿದ ಹಣ್ಣಿನ ಸಿಹಿ ಮತ್ತು ಮಂದತೆ ಇರುವಂತೆ ತೋರಿಸಿ ಮಾರುತ್ತಿದ್ದದ್ದು ಆ ವರ್ಷ ಬಯಲಾಯಿತು. ಜರ್ಮನಿಯ ಕೆಲವು ಬಾಟಲಿ ತುಂಬುವ ಕಂಪೆನಿಗಳು ಅದನ್ನು ತಮ್ಮ ವೈನಿಗೆ ಬೆರೆಸಿದ್ದೂ ಪತ್ತೆಯಾಯಿತು. ಹಲವು ದೇಶಗಳು ಈ ವೈನುಗಳನ್ನು ಅಂಗಡಿಗಳಿಂದ ತೆಗೆಸಿದವು. ಆಸ್ಟ್ರಿಯಾದ ರಫ್ತು ನೆಲಕಚ್ಚಿತು. ಯಾವ ತಪ್ಪನ್ನೂ ಮಾಡದ ಸಾವಿರಾರು ಸಣ್ಣ ಬೆಳೆಗಾರರು ನಷ್ಟ ಅನುಭವಿಸಿದರು. ಅದೇ ವರ್ಷ ಆಸ್ಟ್ರಿಯಾ ಅತ್ಯಂತ ಕಟ್ಟುನಿಟ್ಟಿನ ವೈನ್ ಕಾನೂನನ್ನು ಜಾರಿಗೆ ತಂದಿತು. ಕಾದು ಪಡೆಯಬೇಕಾದ ಸಿಹಿಯನ್ನು ಕಾಯದೆ ಪಡೆಯಲು ಹೊರಟವರ ಪಾಪದ ಸಾಲವನ್ನು ನಿರಪರಾಧಿಗಳು ತೀರಿಸಬೇಕಾಯಿತು.

ಜರ್ಮನಿಯ ಗುಣಮಟ್ಟದ ವೈನುಗಳ ಲೇಬಲಿನ ಮೇಲೆ 'ಎ.ಪಿ.' ಎಂಬ ಅಕ್ಷರಗಳೊಂದಿಗೆ ಒಂದು ಉದ್ದ ಸಂಖ್ಯೆ ಇರುತ್ತದೆ. ಸರಕಾರಿ ಪರೀಕ್ಷಾ ಕೇಂದ್ರವು ಆ ವೈನನ್ನು ಪ್ರಯೋಗಾಲಯದ ವರದಿಯೊಂದಿಗೆ ರುಚಿ ನೋಡಿ ಒಪ್ಪಿದೆ ಎಂಬುದಕ್ಕೆ ಅದು ಗುರುತು. ಕೊನೆಯ ಎರಡು ಅಂಕಿಗಳು ಪರೀಕ್ಷೆ ನಡೆದ ವರ್ಷವನ್ನು ಸೂಚಿಸುತ್ತವೆ.

ಬಲಿಪೀಠಕ್ಕೆ ಯಾವುದು ಸಲ್ಲುತ್ತದೆ?

ಈಗ ಎರಡನೆಯ ಪ್ರಶ್ನೆಗೆ ಬರೋಣ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯ ಪ್ರಕಾರ ಬಲಿಪೂಜೆಯ ದ್ರಾಕ್ಷಾರಸವು ದ್ರಾಕ್ಷಿಬಳ್ಳಿಯ ಫಲದಿಂದ ಸಹಜವಾಗಿ ಆದದ್ದಾಗಿರಬೇಕು ಮತ್ತು ಕೆಟ್ಟಿರಬಾರದು. 2004ರಲ್ಲಿ ಹೊರಬಂದ 'ರಿದೆಂಪ್ಸಿಯೋನಿಸ್ ಸಾಕ್ರಮೆಂತುಮ್' ಎಂಬ ಸೂಚನಾಪತ್ರ ಇದನ್ನೇ ಒತ್ತಿಹೇಳಿ, ಅದು ಶುದ್ಧವಾಗಿರಬೇಕು, ಬೇರೆ ಪದಾರ್ಥಗಳನ್ನು ಬೆರೆಸಿರಬಾರದು ಎಂದಿತು. ಅಂಗಡಿಗಳಲ್ಲಿ, ಅಂತರ್ಜಾಲದಲ್ಲಿ ಎಲ್ಲವೂ ಮಾರಾಟವಾಗುವ ಈ ಕಾಲದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಶುದ್ಧತೆಯ ಬಗ್ಗೆ ಎಚ್ಚರವಹಿಸುವಂತೆ ರೋಮಿನ ದೈವಾರಾಧನೆಯ ಆಯೋಗವು 2017ರಲ್ಲಿ ಧರ್ಮಾಧ್ಯಕ್ಷರಿಗೆ ಸುತ್ತೋಲೆ ಕಳುಹಿಸಿತು.

ಬಣ್ಣದ ಬಗ್ಗೆ ನಿಯಮವಿಲ್ಲ. ಬಿಳಿಯಾದರೂ ಕೆಂಪಾದರೂ ಸರಿ, ಸಿಹಿಯಾದರೂ ಅಲ್ಲದಿದ್ದರೂ ಸರಿ. ಜರ್ಮನಿಯ ಇಗರ್ಜಿಗಳಲ್ಲಿ ಬಿಳಿ ವೈನ್ ಬಳಸುವುದು ಸಾಮಾನ್ಯ. ಆದ್ದರಿಂದ ನಿಜವಾದ ಔಸ್‌ಲೇಸೆ ಬಲಿಪೂಜೆಗೆ ತಕ್ಕ ದ್ರಾಕ್ಷಾರಸವೇ. ಅದರ ಸಿಹಿ ಹಣ್ಣಿನದ್ದೇ ಹೊರತು ಸೇರಿಸಿದ್ದಲ್ಲ.

ಇದೇ ಅಳತೆಗೋಲಿನಿಂದ ನಮ್ಮ ಮನೆಗಳ ಕ್ರಿಸ್ಮಸ್ ವೈನನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ದ್ರಾಕ್ಷಿ ಅಥವಾ ಒಣದ್ರಾಕ್ಷಿಗೆ ಕಿಲೋಗಟ್ಟಲೆ ಸಕ್ಕರೆ, ಗೋಧಿ, ಲವಂಗ, ಚಕ್ಕೆ ಹಾಕಿ ಭರಣಿಯಲ್ಲಿ ಹುಳಿಯಿಸಿದ ಆ ಪಾನೀಯ ಕುಸ್ವಾರಿನ ತಟ್ಟೆಯ ಪಕ್ಕದಲ್ಲಿ ಶೋಭಿಸುತ್ತದೆ. ಬಲಿಪೀಠದಲ್ಲಿ ಅದಕ್ಕೆ ಸ್ಥಳವಿಲ್ಲ. ಅಂಗಡಿಯ ದ್ರಾಕ್ಷಿ ಜ್ಯೂಸಿನ ಪೊಟ್ಟಣಕ್ಕೂ ಇಲ್ಲ. ಆರೋಗ್ಯದ ಕಾರಣ ಮದ್ಯಸಾರ ಸೇವಿಸಲಾಗದ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು 'ಮುಸ್ತುಮ್' ಎಂಬ ಶುದ್ಧ ದ್ರಾಕ್ಷಿರಸವನ್ನು ಬಳಸಬಹುದು. ಅದು ಬೇರೆಯೇ ವಿಷಯ.

ಸಕ್ರಿಸ್ತಿಯಲ್ಲಿ ಸೇವೆ ಮಾಡುವವರು ಕೆಲವು ವಿಷಯಗಳನ್ನು ಗಮನದಲ್ಲಿಟ್ಟುಕೊಂಡರೆ ಒಳಿತು. ಯಾರೋ ಪ್ರೀತಿಯಿಂದ ತಂದುಕೊಟ್ಟ ಬಾಟಲಿಯನ್ನು ನೇರವಾಗಿ ಪೂಜೆಯ ಕುಪ್ಪಿಗೆ ಸುರಿಯಬಾರದು. ಮೊದಲು ಗುರುಗಳಿಗೆ ಒಪ್ಪಿಸಬೇಕು. ಪೂಜೆಗೆ ಧರ್ಮಪ್ರಾಂತ್ಯವು ಒಪ್ಪಿದ ದ್ರಾಕ್ಷಾರಸವನ್ನು ಬಳಸುವುದೇ ಕ್ರಮ. ಔಸ್‌ಲೇಸೆಯಂಥ ಕಡಿಮೆ ಮದ್ಯಸಾರದ ವೈನ್ ನಮ್ಮ ಸೆಖೆಗೆ ತೆರೆದಿಟ್ಟರೆ ಬೇಗ ಕೆಡುತ್ತದೆ. ಬಿರಡೆ ಬಿಗಿದು ಫ್ರಿಜ್ಜಿನಲ್ಲಿ ಇಟ್ಟು ಕೆಲವೇ ದಿನಗಳಲ್ಲಿ ಮುಗಿಸಬೇಕು. ವಿನೆಗರಿನ ವಾಸನೆ ಬಂದರೆ ಅದು ಪೂಜೆಗೆ ಸಲ್ಲದು. ಇನ್ನು ಮನೆಯಲ್ಲಿ ಕುಡಿಯುವವರಿಗೆ ಒಂದು ಮಾತು: ಇದು ಲೋಟ ತುಂಬಿಸಿ ಕುಡಿಯುವ ಪಾನೀಯವಲ್ಲ. ಸಿಹಿಯೆಂದು ಮಕ್ಕಳ ಕೈಗೆ ಕೊಡುವುದೂ ಸರಿಯಲ್ಲ. ಊಟದ ಕೊನೆಗೆ ತಂಪಾಗಿ, ಪುಟ್ಟ ಗ್ಲಾಸಿನಲ್ಲಿ, ಹಂಚಿಕೊಂಡು ಕುಡಿಯುವುದಕ್ಕೆಂದೇ ಇಂಥ ವೈನನ್ನು ಹಲವೆಡೆ ಅರ್ಧ ಬಾಟಲಿಯಲ್ಲಿಯೂ ತುಂಬಿಸುತ್ತಾರೆ.

ಜರ್ಮನಿಯ ಹವಾಮಾನವೂ ಬದಲಾಗುತ್ತಿದೆ. 2019ರ ಕೊಯ್ಲಿನಲ್ಲಿ ಸಾಕಷ್ಟು ಚಳಿ ಬೀಳದೆ ದೇಶದ ಯಾವ ಪ್ರದೇಶದಲ್ಲಿಯೂ ಐಸ್‌ವೈನ್ ಆಗಲಿಲ್ಲ. ಔಸ್‌ಲೇಸೆಗೆ ಬೇಕಾದ ಸಕ್ಕರೆ ಈಗ ಹಿಂದಿಗಿಂತ ಸುಲಭವಾಗಿ ಸಿಗುತ್ತದೆ; ಅದನ್ನು ಸರಿದೂಗಿಸುವ ಹುಳಿಯನ್ನು ಉಳಿಸಿಕೊಳ್ಳುವುದೇ ಬೆಳೆಗಾರರ ಹೊಸ ಚಿಂತೆ. ತಂತ್ರಜ್ಞಾನ ಎಷ್ಟೇ ಮುಂದುವರಿದರೂ ಯಾವ ಗೊಂಚಲನ್ನು ಇಂದು ಕೊಯ್ಯಬೇಕು, ಯಾವುದನ್ನು ಇನ್ನೊಂದು ವಾರ ಬಿಡಬೇಕು ಎಂದು ನಿರ್ಧರಿಸಲು ತೋಟದಲ್ಲಿ ನಡೆದಾಡುವ ಮನುಷ್ಯನ ಕಣ್ಣು ಬೇಕೇ ಬೇಕು.

ಪ್ರಿಯ ಓದುಗರೇ, ಲೇಬಲಿನ ಮೇಲಿನ ಒಂದು ಪದ ಕೊಟ್ಟ ಮಾತಿಗೆ ಸಮಾನ. 'ಆರಿಸಿ ತೆಗೆದದ್ದು' ಎಂದು ಬರೆದ ಮೇಲೆ ಆರಿಸಿಯೇ ಇರಬೇಕು. ಅರ್ಪಣೆಯ ವೇಳೆ ಗುರುಗಳು ದ್ರಾಕ್ಷಾರಸವನ್ನು ಎತ್ತಿ ಹಿಡಿದಾಗ ಅದನ್ನು ಬಳ್ಳಿಯ ಫಲ, ಮಾನವರ ದುಡಿಮೆ ಎಂದೇ ನಾವು ದೇವರಿಗೆ ಒಪ್ಪಿಸುತ್ತೇವೆ. ಆ ಮಾತು ನಿಜವಾಗಿರುವಂತೆ ನೋಡಿಕೊಳ್ಳುವ ಹೊಣೆ ದೂರದ ದ್ರಾಕ್ಷಿತೋಟದ ಬೆಳೆಗಾರನಷ್ಟೇ, ನಮ್ಮ ಸಕ್ರಿಸ್ತಿಯಲ್ಲಿ ಬೀರುವಿನ ಕೀಲಿ ಇಟ್ಟುಕೊಂಡವರ ಮೇಲೂ ಇದೆ.